ಮಿಕ್ಸ್ಚರ್ ಡಿಗ್ರಿ

ಗಂಡ ಬಾಸಿತ್‌ನನ್ನು ದಫನ ಮಾಡಿದ ಮೇಲೆ ನೆಂಟರು ಯಾರೂ ಇಲ್ಲದ ಮೊದಲ ಬೆಳಿಗ್ಗೆ ಅದು. ಫರ್ಹಾನ ಚಹಾಕ್ಕೆ ಇಟ್ಟ ನೀರು ಇಬ್ಬರಿಗಾಗುವಷ್ಟಿತ್ತು. ಚೆಲ್ಲಲು ಹೊರಟಾಗ ಬಾಗಿಲು ಬಡಿದ ಸದ್ದು. ಅವನು ಕಲಿಸುತ್ತಿದ್ದ ಬಂಟ್ವಾಳದ ಶಾಲೆಯ ಮುಖ್ಯೋಪಾಧ್ಯಾಯಿನಿ ಜುಲೈಕಾ.

"ಜೂನ್‌ಗೆ ಬಾಸಿತ್‌ನ ಜಾಗಕ್ಕೆ ಜನ ಬೇಕು. ಕಮಿಟಿಯಲ್ಲಿ ನಿನ್ನ ಹೆಸರು ಹೇಳಿದ್ದೇನೆ."

ಕೆಲಸ ಸಿಕ್ಕಿದರೆ ಈ ಬಾಡಿಗೆ ಮನೆಯಲ್ಲೇ ಇರಬಹುದು. ಇಲ್ಲದಿದ್ದರೆ, ವಿಧವೆ ಮನೆಯೊಳಗೇ ಇರಬೇಕಾದ ಇದ್ದಾದ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುದಿನವೇ ಅವಳನ್ನು ಕರೆದೊಯ್ಯಲು ಅಣ್ಣ ಬೆಳ್ತಂಗಡಿಯಿಂದ ಜೀಪು ತರುತ್ತಾನೆ. ಹೇಳಿಯಾಗಿದೆ.

ಆದರೂ ಫರ್ಹಾನಳಿಗೆ ಧೈರ್ಯ ಸಾಲಲಿಲ್ಲ. "ಅವರು ಇಂಗ್ಲೆಂಡಿನಲ್ಲಿ ಮೂರು ವರ್ಷ ಪ್ರಾಣಿಶಾಸ್ತ್ರ ಒಂದನ್ನೇ ಓದಿದವರು ಟೀಚರ್. ನಾನು ಮೂಡುಬಿದಿರೆಯಲ್ಲಿ ಅದೇ ಮೂರು ವರ್ಷದಲ್ಲಿ ಮೂರು ವಿಷಯ. ‘ನಿಂದು ಮಿಕ್ಸ್ಚರ್ ಪೊಟ್ಟಣ, ಎಲ್ಲ ಉಂಟು, ಯಾವುದೂ ಹೊಟ್ಟೆ ತುಂಬುವಷ್ಟಿಲ್ಲ’ ಅಂತ ನಗಾಡ್ತಿದ್ರು."

"ಸ್ಟಾಫ್ ರೂಮಿನಲ್ಲೂ ಹೇಳ್ತಿದ್ದ. ಅವನನ್ನು ನಾಲ್ಕು ವರ್ಷ ಯಾಕೆ ಖಾಯಂ ಮಾಡ್ಲಿಲ್ಲ ಅಂತ ಹೇಳಿದ್ದಾನಾ?"

"ಕಮಿಟಿಯಲ್ಲಿ ಏನೋ ತಕರಾರು ಅಂದಿದ್ರು."

"ಎಂಥ ತಕರಾರು ಮಾರಾಯ್ತಿ. ಆ ಹುದ್ದೆಗೆ ಡಿಗ್ರಿಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರೂ ಓದಿರಬೇಕು. ಅವನದ್ದು ಒಂದೇ. ನಮಗೆ ಬೇಕಾದ್ದು ನಿನ್ನ ಪೊಟ್ಟಣವೇ. ಬಿ.ಎಡ್. ಕೂಡ ಉಂಟಲ್ಲ ನಿಂದು?"

"ಉಂಟು. ಆದರೆ ಇದ್ದಾ ಮುಗಿಯುವಾಗ ಜೂನ್ ಹದಿನೈದಾಗ್ತದೆ."

"ಲೆಕ್ಕ ಹಾಕಿಯೇ ಬಂದದ್ದು. ಅಲ್ಲಿಯವರೆಗೆ ನಿನ್ನ ಕ್ಲಾಸು ನಾನು ತಗೊಳ್ತೇನೆ. ನಂದು ಇತಿಹಾಸ. ಮಕ್ಕಳು ಹೇಗೋ ಸಹಿಸ್ಕೊಳ್ತಾರೆ."

ಫರ್ಹಾನಳಿಗೆ ಇಷ್ಟು ದಿನಗಳಲ್ಲಿ ಮೊದಲ ಸಲ ಹಸಿವಾಯಿತು. ಟೀಚರಿಗೆಂದು ಇಟ್ಟಿದ್ದ ಬಿಸ್ಕತ್ತನ್ನು ಒಂದೊಂದಾಗಿ ತಾನೇ ತಿಂದಳು. ಟೀಚರ್ ತಟ್ಟೆಯನ್ನು ಅವಳತ್ತ ಇನ್ನಷ್ಟು ಸರಿಸಿದರು.

ಅವರು ಹೊರಟು ನಿಂತಾಗ ಫರ್ಹಾನ ಒಳಗಿನಿಂದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತಂದಳು. "ಶಾಲೆಯ ಲೈಬ್ರರಿಯದ್ದು. ಅವರು ತಂದದ್ದು ಇಲ್ಲೇ ಉಳಿದಿತ್ತು."

ಜುಲೈಕಾ ನಿಂತಲ್ಲೇ ಹಾಳೆ ತಿರುವಿದರು. ಪ್ರಾಣಿಗಳ ಪಾಠದ ಅಂಚೆಲ್ಲ ಖಾಲಿ. ಆಮ್ಲ, ಲವಣಗಳ ಪಾಠಕ್ಕೆ ಬಂದಾಗ ಅವರ ಕೈ ನಿಂತಿತು. ಪ್ರತಿ ಪುಟದಲ್ಲೂ ಪೆನ್ಸಿಲಿನಲ್ಲಿ ಬಾಸಿತ್‌ನ ಸಣ್ಣ ಅಕ್ಷರ. ಒಂದನ್ನು ಓದಿದರು: "ಫರ್ಹಾನಳ ಹತ್ತಿರ ಕೇಳಬೇಕು. ತಿಳಿಯದೆ ಕೇಳಿದ್ದು ಅಂತ ಅವಳಿಗೆ ಗೊತ್ತಾಗಬಾರದು."

"ಗೊತ್ತಾಗ್ತಿತ್ತು ಟೀಚರ್," ಎಂದು ಫರ್ಹಾನ ಪುಸ್ತಕ ಮುಚ್ಚಿ ಅವರ ಚೀಲಕ್ಕೆ ಹಾಕಿದಳು.