ಮುಚ್ಚದ ಕಣ್ಣು

ಹೊಸ್ತಿಲಿಗೆ ಬಳಿಯಲು ಕಲಸಿದ ಜಾಜಿನ ಹಸಿ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಕಿವಿ ನೆನಪಾಗುತ್ತದೆ.

ನಾವಾಗ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪನ ಬಲಗಿವಿಗೆ ಸರ್ಪಸುತ್ತು ಎದ್ದಿತ್ತು. ಹಾವಿನ ತಲೆಯೂ ಬಾಲವೂ ಕೂಡಬಾರದೆಂದು ಅಜ್ಜಿ ಉರಿಯುವ ಗುಳ್ಳೆಗಳ ಸುತ್ತ ಜಾಜು ಬಳಿದಳು. ಅವು ಕೂಡಲಿಲ್ಲ. ಆದರೆ ಒಂದು ಬೆಳಿಗ್ಗೆ ಅಪ್ಪನ ಮುಖದ ಬಲಭಾಗವೇ ಜೋತುಬಿದ್ದಿತ್ತು. ವೈರಸ್ಸು ಮುಖದ ನರಕ್ಕೆ ಇಳಿದಿದೆ ಎಂದರು ಶಿವಮೊಗ್ಗದ ಡಾಕ್ಟರು. ಮಲಗುವಾಗ ಆ ಬದಿಯ ಕಣ್ಣನ್ನು ಕೈಯಿಂದ ಮುಚ್ಚಿ ಟೇಪು ಅಂಟಿಸಬೇಕಿತ್ತು. ಮಧ್ಯಾಹ್ನದ ಹೊತ್ತು ಆ ಕೆಲಸ ನನ್ನದು.

ಒಂದು ಮಧ್ಯಾಹ್ನ ಊಟ ಮಾಡುವಾಗ ಸಾರು ಅಪ್ಪನ ಬಾಯಿಯ ಮೂಲೆಯಿಂದ ಅಂಗಿಗೆ ಇಳಿಯಿತು. ಅಜ್ಜಿ ತಲೆಯೆತ್ತದೆ, "ಜಾಜು ಇನ್ನೂ ಸ್ವಲ್ಪ ದಪ್ಪ ಬಳೀಬೇಕಿತ್ತು ಕಣೋ" ಎಂದಳು.

"ನೀನು ಸರಿಯಾಗೇ ಬಳಿದಿದ್ದೆ ಕಣಮ್ಮ" ಎಂದ ಅಪ್ಪ. ತುಟಿ ಕೂಡದೆ ಮಾತಿನ ನಡುವೆ ಗಾಳಿ ಸೋರುತ್ತಿತ್ತು.

ಆಮೇಲೆ ಚಾಪೆಯ ಮೇಲೆ ಮಲಗಿದ. ನಾನು ರೆಪ್ಪೆ ಎಳೆದಾಗ ಬೆರಳೆಲ್ಲ ಒದ್ದೆಯಾಯಿತು.

"ಅಳ್ತಿದೀಯಾ ಅಪ್ಪ?"

"ಇಲ್ಲ ಮಾರಾಯ್ತಿ. ಆ ಕಣ್ಣು ಮುಚ್ಚಲ್ವಲ್ಲ, ಅದಕ್ಕೇ ನೀರು ಬರುತ್ತೆ."

ನಾನು ನಂಬಿದೆ. ಲಂಗದ ಅಂಚಿನಿಂದ ಒರೆಸಿ ಟೇಪು ಅಂಟಿಸಿದೆ. ಆಮೇಲೆ, ತಾನಾಗಿಯೇ ಮುಚ್ಚಿಕೊಂಡಿದ್ದ ಎಡಗಣ್ಣನ್ನೂ ಒರೆಸಿದೆ.