ಮೂಲೆಯ ಅಂಕಿ

2019ರ ಮಾರ್ಚ್ 14, ಬೆಳಿಗ್ಗೆ 11 ಗಂಟೆ 20 ನಿಮಿಷ. ಮಕ್ಕಳ ಡಾಕ್ಟರು ಪರದೆಯ ಮೇಲಿನ ಪುಟ್ಟ ಎದೆಗೂಡನ್ನು ನೋಡಿ, "ಎಷ್ಟು ಚೊಕ್ಕವಾಗಿ ಬಂದಿದೆ. ಇನ್ಮೇಲೆ ಮಕ್ಕಳ ಎಕ್ಸ್‌ರೇ ಎಲ್ಲಾ ಇವಳೇ ತೆಗೀಲಿ" ಎಂದು ಕಿರಿಯ ತಂತ್ರಜ್ಞೆಯತ್ತ ಕೈತೋರಿ ಹೇಳಿಹೋದರು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದ ಹಿರಿಯ ತಂತ್ರಜ್ಞೆಗೆ ಆ ಮಾತು ಸಹಿಸಲಾಗಲಿಲ್ಲ.

"ಎಲ್ಲಾ ನೀವು ಹೇಳಿಕೊಟ್ಟಿದ್ದೇ ಅಕ್ಕಾ," ಎಂದಳು ಕಿರಿಯಳು.

"ಬೆಣ್ಣೆ ಆಮೇಲೆ ಹಚ್ಚುವಂತೆ. ಹೋಗಿ ಟೀ ಕುಡಿದು ಬಾ."

ಅವಳು ಅತ್ತ ಹೋದದ್ದೇ ತಡ, ಹಿರಿಯಳು ಮೌಸ್ ಹಿಡಿದಳು. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ, ತಪ್ಪು ತಾನೇ ಸಿಕ್ಕಿಬೀಳುತ್ತಿತ್ತು. ಈಗ ಕಂಪ್ಯೂಟರ್ ಅದನ್ನು ತಿದ್ದಿ ಚಿತ್ರವನ್ನು ನುಣುಪಾಗಿಸುತ್ತದೆ. ಮಗುವಿನ ಮೇಲೆ ಹಾಯಿಸಿದ ಕಿರಣದ ಲೆಕ್ಕ ಚಿತ್ರದ ಮೂಲೆಯ ಅಂಕಿಯಲ್ಲಷ್ಟೇ ಉಳಿಯುತ್ತದೆ. ಚಿತ್ರ ಇಷ್ಟು ಚೆನ್ನಾಗಿರಬೇಕಾದರೆ ಹುಡುಗಿ ಕಿರಣ ಸುರಿದಿದ್ದಾಳೆ. ಡಾಕ್ಟರಿಗೆ ಆ ಅಂಕಿ ತೋರಿಸಿದರೆ ಸಾಕು.

ಹೋಲಿಸಲೆಂದು, ಅದೇ ಮಗುವಿನ ಎದೆಯನ್ನು ಹೋದ ವಾರ ತಾನೇ ತೆಗೆದಿದ್ದ ಚಿತ್ರವನ್ನೂ ಪಕ್ಕದಲ್ಲಿ ತೆರೆದಳು. ವೋಲ್ಟೇಜ್ ಎರಡರಲ್ಲೂ ಒಂದೇ. ಕಿರಣದ ಲೆಕ್ಕ ಕಿರಿಯಳದು ಬರೀ 1.6 ಮಿಲಿಆಂಪಿಯರ್-ಸೆಕೆಂಡ್. ಮತ್ತೆ ತೆಗೆಯುವಂತಾಗದಿರಲಿ ಎಂದು ಒಂಚೂರು ಜಾಸ್ತಿ ಹಾಕುವುದು, ಹೊಸ ಯಂತ್ರ ಬಂದಾಗಿನಿಂದ ತನ್ನದೇ ರೂಢಿ. ಆ ಒಂಚೂರು ಎಷ್ಟೆಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದವಳೇ ತನ್ನ ಚಿತ್ರದ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು.

"ಇದು ಯಾರು ತೆಗೆದಿದ್ದು ಅಕ್ಕಾ?" ಕಿರಿಯಳು ಅವಳಿಗೂ ಒಂದು ಲೋಟ ಟೀ ತಂದು ಹಿಂದೆ ನಿಂತಿದ್ದಳು.

"ನಾನೇ," ಎಂದು ಹಿರಿಯಳು ಬೆರಳು ತೆಗೆದಳು.

ಅಲ್ಲಿ 4.0 ಎಂದಿತ್ತು.