ಎರಡು ಪದರ ಬಟ್ಟೆ

“ಇದನ್ನ ಬಾಯಿ ತುಂಬ ಹೊಗಳಬೇಕಕ್ಕ,” ಎಂದು ಹಾಲಿನವಳು ಕುತ್ತಿಗೆಯ ಮೇಲಿದ್ದ ಬಟ್ಟೆ ಸರಿಸಿ ಚಾಪೆಯವಳ ಮುಂದೆ ಕೂತಳು. ಕಿವಿಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟೊಂದು ಎದ್ದಿತ್ತು.

ಚಾಪೆಯವಳು ಹೆಣೆಯುತ್ತಿದ್ದ ಜೊಂಡನ್ನು ಕಾಲ್ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ತಲೆ ಎತ್ತಿದಳು. ಗಂಟಿಗಿಂತ ಅವಳಿಗೆ ಸೋಜಿಗವಾದದ್ದು ಈ ಹೆಂಗಸು ತನ್ನ ಹೊಸಿಲು ದಾಟಿ ಬಂದದ್ದು. ಚಾಪೆಯವಳ ಕಣ್ಣು ಒಳ್ಳೆಯದಲ್ಲವೆಂದು ಊರು ತೀರ್ಮಾನಿಸಿ ಎಷ್ಟೋ ವರ್ಷಗಳಾಗಿದ್ದವು. ಪಕ್ಕದ ಮನೆಯ ಕುಂಬಳಕಾಯಿಯನ್ನು ಚೆನ್ನಾಗಿದೆ ಎಂದಿದ್ದಳು, ಅದು ಕೊಳೆಯಿತು. ಬಡಗಿಯ ಹೊಸ ಗಾಡಿಯನ್ನು ಮೆಚ್ಚಿದಳು, ಅಚ್ಚು ಮುರಿಯಿತು. ಅಂದಿನಿಂದ ಈ ಬಾಗಿಲ ಮುಂದೆ ಹಾಯುವಾಗಲೆಲ್ಲ ಹಾಲಿನವಳು ಪಾತ್ರೆಯ ಬಾಯಿಗೆ ಎರಡು ಪದರ ಬಟ್ಟೆ ಮುಚ್ಚುತ್ತಿದ್ದಳು. ಯಾಕೆ ಎಂದರೆ, ನೊಣ ಕೂರುತ್ತೆ ಎನ್ನುತ್ತಿದ್ದಳು. ಚಾಪೆಯವಳು ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. ನನ್ನ ಕಣ್ಣಿಗೆ ಅಷ್ಟು ಕಸುವಿದ್ದರೆ ಜೊಂಡು ಕಡಿಯುವ ಇಲಿಗಳನ್ನು ಹೊಗಳಿ ಹೊಗಳಿಯೇ ಕೊಲ್ಲುತ್ತಿದ್ದೆನಲ್ಲ ಎಂದು ಮಗಳ ಹತ್ತಿರ ನಗುತ್ತಿದ್ದಳು.

ಡಾಕ್ಟರು ಮಾತ್ರೆ ಕೊಟ್ಟಿದ್ದಾರಂತೆ. ಅದಕ್ಕೂ ಕರಗದಿದ್ದರೆ ಕೊಯ್ಯಬೇಕು ಎಂದಿದ್ದಾರಂತೆ. ಕೊಯ್ಯುವುದೆಂದರೆ ಹಾಲಿನವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಹಾಗೆ ಕೊಯ್ಯಿಸಿಕೊಳ್ಳಲು ಹೋದ ಅವಳ ಅಣ್ಣ ಮನೆಗೆ ನಡೆದುಕೊಂಡು ಬಂದಿರಲಿಲ್ಲ.

“ನಿನಗೇನು ತಲೆ ಕೆಟ್ಟಿದೆಯೇನೇ?” ಎಂದಳು ಚಾಪೆಯವಳು.

“ಇಷ್ಟು ವರ್ಷ ಕೆಟ್ಟದ್ದಕ್ಕಾಯ್ತು. ಒಂದು ಸಲ ಒಳ್ಳೇದಕ್ಕೂ ಆಗಲಿ ಬಿಡಕ್ಕ. ನಿಂಗೇನು ಗಂಟು ಹೋಗುತ್ತೆ? ಹೋದರೆ ನಂದು.”

ಇದು ಬೇಡಿಕೆಯೋ ಬೈಗುಳವೋ ಚಾಪೆಯವಳಿಗೆ ತಿಳಿಯಲಿಲ್ಲ. ಪಕ್ಕದ ತೊಟ್ಟಿಲಲ್ಲಿ ಮಗಳ ಕೂಸು ತನ್ನ ಬೆರಳುಗಳ ಜೊತೆ ತಾನೇ ಮಾತಾಡಿಕೊಳ್ಳುತ್ತಿತ್ತು. ಒಂದು ಕಣ್ಣು ಜೊಂಡಿನ ಮೇಲೆ, ಒಂದು ಕಣ್ಣು ಅದರ ಮೇಲೆ ಇಟ್ಟೇ ಅವಳು ದಿನವೆಲ್ಲ ಹೆಣೆಯುತ್ತಿದ್ದುದು. ಗಂಟು ಕರಗದಿದ್ದರೆ ಪಾಪ, ಇವಳ ಗತಿಯೇನು? ಕರಗಿದರೆ ನನ್ನ ಗತಿಯೇನು?

ಕೊನೆಗೆ, ಮಾತ್ರೆ ತಪ್ಪಿಸಕೂಡದು ಎಂದು ಮಾತು ತೆಗೆದುಕೊಂಡು ಗಂಟನ್ನು ದಿಟ್ಟಿಸಿದಳು. “ಏನು ಗುಂಡಗಿದೆಯೇ! ನುಣ್ಣಗೆ, ಮಿರಮಿರ ಅಂತ. ಇಂಥದ್ದು ಈ ಊರಲ್ಲಿ ಯಾರಿಗೂ ಇಲ್ಲ.” ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಹಾಲಿನವಳು ನಗಲಿಲ್ಲ. ಗಾಯಕ್ಕೆ ಮದ್ದು ಹಚ್ಚಿಸಿಕೊಳ್ಳುವವಳ ಹಾಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದಳು.

ಮಾತ್ರೆ ಮುಗಿಯಬೇಕಾದ ಹೊತ್ತಿಗೆ ಮತ್ತೆ ಬಂದಳು. ಕುತ್ತಿಗೆ ಸಪಾಟಾಗಿತ್ತು. ಚಾಪೆಯವಳು ಬೆರಳಾಡಿಸಿ ನೋಡಿದಳು. ಮೊದಲು ಬಂದದ್ದು ಸಂತೋಷವೇ. ನೋಡಿದೆಯಾ, ಮಾತ್ರೆ ಅಂದರೆ ಹಾಗೆ ಎಂದಳು. ಹಾಲಿನವಳು ಸೊಂಟದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿ ತೋರಿಸಿದಳು. ಮಾತ್ರೆಗಳೆಲ್ಲ ಇದ್ದ ಹಾಗೇ ಇದ್ದವು. ಒಂದೇ ಮೈಯಲ್ಲಿ ಎರಡು ಮದ್ದು ಜಗಳ ಆಡಿಕೊಂಡಾವು ಎಂದು ನುಂಗಿರಲಿಲ್ಲವಂತೆ.

ಕೆಲವು ಗಂಟು ತಾವಾಗಿಯೇ ಇಳಿಯುತ್ತವೆ, ಇಳಿದರೂ ಇವತ್ತೇ ಹೋಗಿ ಡಾಕ್ಟರಿಗೆ ತೋರಿಸು ಎಂದು ಚಾಪೆಯವಳು ಬೈದು ಹೇಳಿದಳು. ದೊಡ್ಡವರ ವಿನಯಕ್ಕೆ ತಲೆದೂಗುವಂತೆ ಹಾಲಿನವಳು ಎಲ್ಲಕ್ಕೂ ತಲೆದೂಗಿದಳು. ಆಮೇಲೆ ಬಾಗಿಲ ಹೊರಗೆ ಇಟ್ಟು ಬಂದಿದ್ದ ಹಾಲಿನ ಚೊಂಬನ್ನು ಒಳಗೆ ತಂದಿಟ್ಟಳು. ಅದರ ಬಾಯಿಗೆ ಎರಡು ಪದರ ಬಟ್ಟೆ ಬಿಗಿದು ಕಟ್ಟಿತ್ತು.

“ನಿನಗೇ ತಂದದ್ದು. ನಾನು ಅತ್ತ ಹೋದ ಮೇಲೆ ಬಿಚ್ಚಕ್ಕ,” ಎಂದಳು. “ಬೇಜಾರು ಮಾಡ್ಕೋಬೇಡ. ಇರೋದು ಒಂದೇ ಹಸು.”

ಅವಳು ಹೋದ ಮೇಲೆ ಚಾಪೆಯವಳು ಹೆಣೆಯಲು ಕೂತಳು. ಎರಡು ಮೇಲೆ, ಎರಡು ಕೆಳಗೆ ಹೋಗಬೇಕಾದ ಎಳೆ ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು, ಮತ್ತೆ ತಪ್ಪಿತು. ಮೂಲೆಯ ಜೊಂಡಿನ ಕಟ್ಟಿನಿಂದ ಇಲಿಯೊಂದು ಮೂತಿ ಹೊರಗೆ ಹಾಕಿತು. ಚಾಪೆಯವಳು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಎಷ್ಟು ದುಂಡಗಾಗಿದ್ದೀಯಪ್ಪ,” ಎಂದಳು. ಇಲಿ ಅವಳನ್ನೇ ಒಂದು ಗಳಿಗೆ ನೋಡಿ, ತನ್ನ ಪಾಡಿಗೆ ಜೊಂಡು ಕಡಿಯತೊಡಗಿತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲೇ, ಆ ಕುಂಬಳಕಾಯಿ ಕೊಳೆಯುವುದಕ್ಕೂ ನಾಲ್ಕಾರು ದಿನ ಹಿಡಿದಿತ್ತೆಂಬುದು ನೆನಪಾಯಿತು.

ಹಿತ್ತಲಲ್ಲಿ ಕೂಸಿಗೆ ಸ್ನಾನ ಮಾಡಿಸುತ್ತಿದ್ದ ಮಗಳು ಒಳಗೆ ಬಂದು ಅದನ್ನು ತಾಯಿಯ ಮಡಿಲಿಗೆ ಹಾಕಿದಳು. “ನೋಡಮ್ಮ, ಕೆನ್ನೆ ಹೇಗೆ ತುಂಬಿಕೊಂಡಿದೆ.”

ಚಾಪೆಯವಳ ಕೈ ಚೊಂಬಿನ ಕಡೆ ಹೋಯಿತು. ಅದರ ಬಟ್ಟೆ ಬಿಚ್ಚಿ, ಕೊಡವಿ, ಮಡಿಕೆ ಬಿಡಿಸಿ, ಕೂಸಿನ ಮುಖದ ಮೇಲೆ ಮೆಲ್ಲಗೆ ಹರಡಿದಳು. ಬಟ್ಟೆಯ ಕೆಳಗೆ ಕೂಸು ಕಾಲು ಬಡಿಯಿತು.

“ಯಾಕಮ್ಮ?” ಎಂದಳು ಮಗಳು.

“ನೊಣ ಕೂರುತ್ತೆ.”

ಪಕ್ಕದಲ್ಲಿ ಹಾಲಿನ ಚೊಂಬು ಬಾಯಿ ತೆರೆದುಕೊಂಡೇ ಇತ್ತು.